ಎಂಬತ್ತಾರೋ, ಎರಡನೂರಾ ಅರವತ್ತೈದೋ?

ಮುಧೋಳದಿಂದ ಮಹಾಲಿಂಗಪುರದ ಕಡೆ ಹೋಗುವ ಬಸ್ಸು ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ತೆವಳಬೇಕು. ಒಮ್ಮೆ ಚಹಾದಂಗಡಿ ಮುಂದೆ ಜೋಡಿ ಟ್ರೇಲರ್ ನಿಂತಿತ್ತು. ಸಾಲಿ ಹುಡುಗರು ಅದಕ್ಕೆ ಜೋತುಬಿದ್ದು ಕಬ್ಬು ಹಿರಿಯುತ್ತಿದ್ದರು. ಡ್ರೈವರ್ ಬೈಯಲಿಲ್ಲ. "ಅದನ್ಯಾಕ ಹಿರೀತೀರಲೇ, ಅದು ಎರಡನೂರಾ ಅರವತ್ತೈದು. ಹಿಂದಿನ ಗಾಡ್ಯಾಗ ಎಂಬತ್ತಾರೈತಿ, ಅದನ್ನ ತಿನ್ರಿ" ಅಂದ. ಹುಡುಗರು ಹಿಂದಿನ ಗಾಡಿಗೆ ಓಡಿದರು.

ಕಾರ್ಖಾನೆಯವರಿಗೂ ರೈತರಿಗೂ ಹತ್ತು-ಹದಿನೈದು ವರ್ಷಗಳಿಂದ ನಡೆದಿರುವ ಜಗಳವೂ ಈ ಎರಡು ಅಂಕಿಗಳದ್ದೇ. ಎರಡೂ ಕಬ್ಬಿನ ತಳಿಗಳು. 265ರ ಪೂರ್ತಿ ಹೆಸರು ಸಿಒಎಂ 0265. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಪಾಡೇಗಾಂವ್ ಕಬ್ಬು ಸಂಶೋಧನಾ ಕೇಂದ್ರದಲ್ಲಿ ಹುಟ್ಟಿ, 2007ರಲ್ಲಿ 'ಫುಲೆ 265' ಎಂದು ಬಿಡುಗಡೆಯಾಯಿತು. ಗಡಿ ದಾಟಿ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿಗೆ ಬರಲು ಅದಕ್ಕೆ ಯಾವ ಪ್ರಚಾರವೂ ಬೇಕಾಗಲಿಲ್ಲ, ಬೀಗರ ಮನೆಯಿಂದ ಬೀಜದ ಕಬ್ಬು ತಂದರೆ ಸಾಕಿತ್ತು. ಅದಕ್ಕೂ ಮುಂಚೆ ಇಲ್ಲಿ ಬೇರೂರಿದ್ದು ಕೊಯಮತ್ತೂರಿನ ಸಿಒ 86032, ಅದೇ ಎಂಬತ್ತಾರು. ಬಿಸಿಲು ಬಿದ್ದ ಕಡೆ ಕೆಂಪಡರುವ, ರವದಿ ಸುಲಭವಾಗಿ ಬಿಚ್ಚುವ, ಸಿಹಿಯಾದ ಕಬ್ಬು.

ಹೊಸ ಕಬ್ಬಿನ ತಳಿ ತೆಗೆಯುವುದೆಂದರೆ ತಾಳ್ಮೆಯ ಕೆಲಸ. ನಮ್ಮ ಹೊಲದಲ್ಲಿ ಕಬ್ಬು ಹೂ ಬಿಟ್ಟರೂ ಬೀಜ ಕಟ್ಟುವುದು ಅಪರೂಪ. ಕೊಯಮತ್ತೂರಿನ ಹವೆಯಲ್ಲಿ ಅದು ಚೆನ್ನಾಗಿ ಕಟ್ಟುತ್ತದೆ. ಅದಕ್ಕೇ 1912ರಲ್ಲಿ ಕಬ್ಬು ತಳಿ ಸಂಸ್ಥೆ ಅಲ್ಲಿ ಶುರುವಾಯಿತು. ಅಲ್ಲಿ ಸಂಕರ ಮಾಡಿದ ಅರಳೆಯಂಥ ಬೀಜ ರಾಜ್ಯ ರಾಜ್ಯಗಳ ಕೇಂದ್ರಗಳಿಗೆ ಹೋಗುತ್ತದೆ. ಸಾವಿರಾರು ಸಸಿಗಳಲ್ಲಿ ವರ್ಷ ವರ್ಷ ಜರಡಿ ಹಿಡಿದು, ಹತ್ತು-ಹನ್ನೆರಡು ವರ್ಷಕ್ಕೆ ಒಂದು ಉಳಿದರೆ ಪುಣ್ಯ. ಹೆಸರಿನ 'ಸಿಒ' ಎಂದರೆ ಕೊಯಮತ್ತೂರು, 'ಎಂ' ಎಂದರೆ ಮಹಾರಾಷ್ಟ್ರ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಸಂಕೇಶ್ವರದ ಕೇಂದ್ರದಿಂದ 'ಎಸ್‌ಎನ್‌ಕೆ' ಹೆಸರಿನ ತಳಿಗಳನ್ನು ತೆಗೆದಿದೆ. ಆದರೆ ಬಾಯಿಂದ ಬಾಯಿಗೆ ಹಬ್ಬಿದ್ದು 265.

ಏಕೆ ಹಬ್ಬಿತು ಎಂದು ತಿಳಿಯಲು ಘಟಪ್ರಭಾ ಕಾಲುವೆಯ ಕೆಳಗಿನ ಯಾವುದಾದರೂ ತಗ್ಗಿನ ಹೊಲಕ್ಕೆ ಬೇಸಿಗೆಯಲ್ಲಿ ಹೋಗಿ ನಿಲ್ಲಬೇಕು. ಕರೀ ಎರೆ ಮಣ್ಣಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪದರ, ಬದುವಿನಲ್ಲಿ ಜಾಲಿ ಬಿಟ್ಟರೆ ಹಸಿರಿಲ್ಲ. ಒಂದು ಮೊಳ ಅಗೆದರೆ ಕೆಳಗೆ ಜಿನುಗು ನೀರು. ಇದನ್ನೇ ಇಲ್ಲಿ ಸವಳು-ಜವಳು ಅನ್ನುತ್ತಾರೆ. ನೀರು ಕಂಡ ಖುಷಿಯಲ್ಲಿ ಕಟ್ಟಿದ್ದೇ ಕಟ್ಟಿದ್ದು, ಬಸಿದು ಹೋಗಲು ದಾರಿ ಬಿಡಲಿಲ್ಲ. ಇಂಥ ಹೊಲದಲ್ಲಿ ಎಂಬತ್ತಾರರ ಎಲೆ ತುದಿಯಿಂದ ಸುಡುತ್ತಾ ಬಂದು ಗಣಿಕೆ ಗಿಡ್ಡಾಗುತ್ತದೆ. 265 ಉಪ್ಪನ್ನು ತಡೆದುಕೊಂಡು ದಪ್ಪಗೆ ಬೆಳೆಯುತ್ತದೆ, ಕೂಳೆಯೂ ಚೆನ್ನಾಗಿ ಬರುತ್ತದೆ. ಬೀಳು ಬಿಡಬೇಕಿದ್ದ ಹೊಲದಲ್ಲಿ ಗಾಡಿ ತುಂಬಿದ್ದನ್ನು ಕಂಡ ರೈತನಿಗೆ ರಿಕವರಿಯ, ಅಂದರೆ ನೂರು ಪಾಲು ಕಬ್ಬಿಗೆ ಎಷ್ಟು ಸಕ್ಕರೆ ಎಂಬುದರ, ಪಾಠ ಹೇಳಲು ಯಾರಿಗೆ ಬಾಯಿ ಬಂದೀತು?

ಹಾಗೆಂದು 265ರಲ್ಲಿ ಸಕ್ಕರೆ ಕಡಿಮೆ ಎಂಬ ಕಾರ್ಖಾನೆಯ ಗೋಳು ಬರೀ ನೆಪವಲ್ಲ. ಲೆಕ್ಕಕ್ಕೊಂದು ಉದಾಹರಣೆ ಹಿಡಿಯೋಣ. ಎಕರೆಗೆ 50 ಟನ್ ಎಂಬತ್ತಾರು, ಸಕ್ಕರೆ ನೂರಕ್ಕೆ 11 ಎಂದರೆ ಐದೂವರೆ ಟನ್ ಸಕ್ಕರೆ. ಅದೇ ಎಕರೆಗೆ 60 ಟನ್ 265, ಸಕ್ಕರೆ ನೂರಕ್ಕೆ 10 ಎಂದರೆ ಆರು ಟನ್. ಹೊಲದ ಲೆಕ್ಕದಲ್ಲಿ 265 ಗೆದ್ದಿತು. ಕಾರ್ಖಾನೆಯ ಲೆಕ್ಕ ಬೇರೆ. ಆ ಅರ್ಧ ಟನ್ ಸಕ್ಕರೆಗಾಗಿ ಅದು ಹತ್ತು ಟನ್ ಕಬ್ಬು ಹೆಚ್ಚಿಗೆ ಅರೆಯಬೇಕು. ಟನ್ನಿಗೆ 3,300 ರೂಪಾಯಿಯಂತೆ 33,000 ರೂಪಾಯಿ ಕೊಡಬೇಕು. ಕೈಗೆ ಬರುವ ಸಕ್ಕರೆಗೆ, ಕೇಂದ್ರ 2019ರಲ್ಲಿ ನಿಗದಿ ಮಾಡಿದ ಕಿಲೋಗೆ 31 ರೂಪಾಯಿಯ ಕನಿಷ್ಠ ದರದಲ್ಲಿ ಸಿಗುವುದು 15,500. ಮಾರುಕಟ್ಟೆಯಲ್ಲಿ ಸಕ್ಕರೆ ಅದಕ್ಕಿಂತ ತುಟ್ಟಿ, ಜೊತೆಗೆ ಸಿಪ್ಪೆಯಿಂದ ಕರೆಂಟು, ಕಾಕಂಬಿಯಿಂದ ಸ್ಪಿರಿಟ್ ಬರುತ್ತದೆ, ನಿಜ. ಎಲ್ಲ ಕೂಡಿಸಿದರೂ ಆ ಕಂದಕ ತುಂಬುವುದು ಕಷ್ಟ.

ಇನ್ನು ತಪ್ಪೆಲ್ಲ ತಳಿಯದೇ ಎನ್ನುವುದನ್ನು ನಾನು ಒಪ್ಪಲಾರೆ. 265 ತಡವಾಗಿ ಪಕ್ವವಾಗುವ ಕಬ್ಬು. ಅದನ್ನು ಪೂರ್ತಿ ಕಾಲ ನಿಲ್ಲಿಸಿ ಕಡಿದರೆ ಸಿಹಿ ಏರುತ್ತದೆ. ಕಬ್ಬು ಸಾಲದ ಕಾರ್ಖಾನೆಗಳು ಪೈಪೋಟಿಗೆ ಬಿದ್ದು ಹತ್ತು ತಿಂಗಳಿಗೇ ಕಟಾವಿನ ಗ್ಯಾಂಗ್ ಕಳಿಸಿದರೆ ಯಾವ ತಳಿಯಾದರೂ ಏನು ಕೊಟ್ಟೀತು? ಸವಳು ನೆಲದ ಕಬ್ಬಿನ ರಸದಲ್ಲಿ ಲವಣ ಹೆಚ್ಚು. ಲವಣ ಹೆಚ್ಚಿದ ರಸದಲ್ಲಿ ಸಕ್ಕರೆ ಹರಳುಗಟ್ಟದೆ ಕಾಕಂಬಿಗೆ ಜಾರುತ್ತದೆ. ಅದು ನೆಲದ ದೋಷ, ಹೊರುವುದು ತಳಿ. ಗಾಣದವರಿಗೆ ಇದು ನಾಲಗೆಯಿಂದಲೇ ಗೊತ್ತು. ಸವಳು ಹೊಲದ ಬೆಲ್ಲಕ್ಕೆ ಉಪ್ಪುಪ್ಪು ರುಚಿ, ಮಳೆಗಾಲ ಬಂತೆಂದರೆ ಪೆಂಟೆ ನೀರೊಡೆಯುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಅದಕ್ಕೆ ಏನು ಮರ್ಯಾದೆ ಸಿಕ್ಕೀತು ಎಂದು ಕೇಳುವುದೇ ಬೇಡ.

ಕಾರ್ಖಾನೆಯ ವಾದವನ್ನು ಸಡಿಲಿಸಿದ್ದು ಎಥೆನಾಲ್. ರಸದಿಂದ ನೇರವಾಗಿ ಎಥೆನಾಲ್ ಮಾಡುವಲ್ಲಿ ಸಕ್ಕರೆ ಹರಳುಗಟ್ಟಿತೇ ಇಲ್ಲವೇ ಎಂಬ ಪ್ರಶ್ನೆಯಿಲ್ಲ, ಹುಳಿಯುವ ಸಿಹಿ ಎಷ್ಟಿದೆ ಎಂಬುದಷ್ಟೇ ಮುಖ್ಯ. ಹಾಗಾದರೆ ತೂಕದ ಕಬ್ಬೇ ಲೇಸು ಎನ್ನಬಹುದು. ಆದರೆ 2023ರ ಡಿಸೆಂಬರಿನಲ್ಲಿ ಕೇಂದ್ರ ರಸದ ಎಥೆನಾಲಿಗೆ ಕಡಿವಾಣ ಹಾಕಿ, 2024ರ ಆಗಸ್ಟಿನಲ್ಲಿ ಬಿಟ್ಟುಕೊಟ್ಟಿತು. ಇಂಥ ಹಗ್ಗದ ಮೇಲೆ ನಡೆಯುವ ಕಾರ್ಖಾನೆಯವ "ನನಗೆ ಸಕ್ಕರೆಯ ಕಬ್ಬೂ ಬೇಕು" ಅಂದರೆ ತಪ್ಪು ಹೇಗೆ ಅನ್ನುವುದು?

ಜಗಳದ ಬೇರು, ನನಗೆ ಕಾಣುವಂತೆ, ಹಣ ಕೊಡುವ ರೀತಿಯಲ್ಲಿದೆ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ದರ, ಕ್ವಿಂಟಲಿಗೆ 355 ರೂಪಾಯಿ, ರಿಕವರಿ ನೂರಕ್ಕೆ 10.25 ಇದ್ದರೆ. ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಈ ರಿಕವರಿ ಒಬ್ಬೊಬ್ಬ ರೈತನದಲ್ಲ, ಇಡೀ ಕಾರ್ಖಾನೆಯ ಸರಾಸರಿ. ಅಂದರೆ ಎಂಬತ್ತಾರು ಬೆಳೆದವನ ಸಿಹಿ 265 ಬೆಳೆದವನ ಖಾತೆಗೂ ಹಂಚಿಹೋಗುತ್ತದೆ. ತೂಕ ಮಾತ್ರ ಅವರವರದು. ಹೀಗಿರುವಾಗ ಒಳ್ಳೆಯ ನೆಲದವನೂ ತೂಕದ ತಳಿಗೇ ಜಾರುವುದು ದುರಾಸೆಯಲ್ಲ, ಲೆಕ್ಕ. ಎಲ್ಲರೂ ಜಾರಿದರೆ ಸರಾಸರಿ ಇಳಿದು ಎಲ್ಲರ ದರವೂ ಇಳಿಯುತ್ತದೆ. 2025ರ ನವೆಂಬರಿನಲ್ಲಿ ರೈತರು ರಸ್ತೆಗಿಳಿದು ಟನ್ನಿಗೆ 3,500 ಕೇಳಿದರು, ರಾಜ್ಯ ಸರ್ಕಾರ 3,300 ಅಂದಿತು, ಮುಧೋಳ ಭಾಗದವರು ಒಪ್ಪಲಿಲ್ಲ. ಆ ಗದ್ದಲದಲ್ಲೂ ರಿಕವರಿ ಎಂಬ ಪದ ಪದೇಪದೇ ಕೇಳಿಬಂತು. ಒಬ್ಬೊಬ್ಬರ ಕಬ್ಬನ್ನೂ ಅಳೆದು ಕೊಡಿ ಅನ್ನೋಣವೆಂದರೆ, ಅಳೆಯುವವನು ಕಾರ್ಖಾನೆಯ ಆಳು. ತಕ್ಕಡಿಯನ್ನೇ ನಂಬದ ರೈತ ಆ ಅಳತೆಯನ್ನು ಹೇಗೆ ನಂಬಿಯಾನು?

ಒಂದೇ ತಳಿಯನ್ನು ನೆಚ್ಚುವ ಅಪಾಯವೂ ಇದೆ, ಅದು ಎಂಬತ್ತಾರಕ್ಕೂ ಅನ್ವಯ. ಉತ್ತರ ಪ್ರದೇಶದಲ್ಲಿ ಸಿಒ 0238 ಎಂಬ ತಳಿ ರಿಕವರಿ ಏರಿಸಿ ಕಾರ್ಖಾನೆಗೂ ರೈತನಿಗೂ ಅಚ್ಚುಮೆಚ್ಚಾಗಿ, ರಾಜ್ಯದ ಬಹುಪಾಲು ಕಬ್ಬು ಅದೇ ಆಯಿತು. ಆಮೇಲೆ ಕೆಂಪು ಕೊಳೆ ರೋಗ ಬಂದು ಹೊಲ ಹೊಲವೇ ಒಣಗಿತು. ಹಾಗೆ ನೋಡಿದರೆ 265 ಬಂದು ಎಂಬತ್ತಾರರ ಏಕಾಧಿಪತ್ಯ ಮುರಿದದ್ದು ಒಳ್ಳೆಯದೇ.

ಆದರೆ ಉಪ್ಪು ತಾಳುವ ತಳಿ ಉಪ್ಪನ್ನು ತೆಗೆಯುವುದಿಲ್ಲ. ತೂತಿನ ಪ್ಲಾಸ್ಟಿಕ್ ಕೊಳವೆಗೆ ಬಟ್ಟೆ ಸುತ್ತಿ ಆಳಿನ ಎದೆಮಟ್ಟದ ಆಳದಲ್ಲಿ ಹೂಳಿ, ನೀರು ಬಸಿದು ಹಳ್ಳಕ್ಕೆ ಬಿಡುವ ತಂತ್ರ ಹಳೆಯದು. ಧಾರವಾಡದವರೂ ಕರ್ನಾಲಿನ ಲವಣ ಮಣ್ಣು ಸಂಸ್ಥೆಯವರೂ ಅದರ ಮೇಲೆ ಕೆಲಸ ಮಾಡಿದ್ದಾರೆ. ಖರ್ಚು ಜಾಸ್ತಿ, ಕೆಳಗಿನ ಹೊಲದವನು ಒಪ್ಪಬೇಕು, ಬಸಿದ ಉಪ್ಪು ಹಳ್ಳ ಸೇರಿ ಮುಂದಿನ ಊರಿಗೆ ಹೋಗುತ್ತದೆ. ಬೀಜದ ಕಬ್ಬು ಒಬ್ಬನೇ ತರಬಹುದು, ಕೊಳವೆ ಹೂಳಲು ಹತ್ತು ಜನ ಕೂಡಬೇಕು. 265 ಗೆದ್ದದ್ದಕ್ಕೆ ಇದೂ ಒಂದು ಕಾರಣ.

ಮುಧೋಳದ ಹತ್ತಿರ ಪರಿಚಯದ ಹಿರಿಯರೊಬ್ಬರ ನಾಲ್ಕೆಕರೆ ಇದೆ. ದಿನ್ನೆಯ ಎರಡೆಕರೆಗೆ ಎಂಬತ್ತಾರು, ಕಾಲುವೆ ಕಡೆಯ ಸವಳಿಗೆ 265. "ಕಾಕಾ, ಕಾರ್ಖಾನ್ಯಾಗ ಬ್ಯಾರೆ ಬ್ಯಾರೆ ತೂಗತಾರೇನ್ರಿ?" ಎಂದು ಕೇಳಿದೆ. ಅವರು ಟ್ರೇಲರಿನ ಕಡೆ ಗದ್ದ ಎತ್ತಿ ತೋರಿಸಿದರು. ಕೆಳಗೆ ದಪ್ಪನೆಯದು, ಮೇಲೆ ಕೆಂಪಡರಿದ್ದು, ಎಲ್ಲ ಒಂದೇ ಹಗ್ಗದಲ್ಲಿ ಬಿಗಿದಿತ್ತು.