ನಾಲಿಗೆ ಯಾರಪ್ಪನ ಸ್ವತ್ತು?

ವಿಸ್ಕಿಗೆ ಮೂಗು ಇದೆಯಂತೆ, ನಾಲಿಗೆ ಇದೆಯಂತೆ, ಕೊನೆಗೆ ಬಾಲವೂ ಇದೆಯಂತೆ. ರುಚಿ ನೋಡುವ ಪಂಡಿತರು ಹೀಗೆ ಮೂರು ಪಾಲು ಮಾಡಿ ಬರೆಯುತ್ತಾರೆ. ಮೂಗಿನಲ್ಲಿ ಜೇನು, ನಾಲಿಗೆಯಲ್ಲಿ ಒಣದ್ರಾಕ್ಷಿ, ಬಾಲದಲ್ಲಿ ಹೊಗೆ. ನೂರಕ್ಕೆ ಇಷ್ಟು ಅಂಕ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಕಡೆಯ ಸಾಲು. ಓದಿ ನಾವು ನಕ್ಕೆವು. ನಗು ನಿಂತ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಪಟ್ಟಿಗಳಲ್ಲಿ ನಮ್ಮೂರ ಅಂಗಡಿಯ ನೈಂಟಿ ಇಲ್ಲ. ವಿಸ್ಕಿ ಎಂಬ ಹೆಸರಿನಲ್ಲಿ ಕೂಲಿಯವನ ಹೊಟ್ಟೆಗೆ ಇಳಿಯುವ ಆ 90 ಎಂಎಲ್‌ನ ರಟ್ಟಿನ ಪೊಟ್ಟಣ ಎಲ್ಲೂ ಇಲ್ಲ. ಅದಕ್ಕೆ ಮೂಗೂ ಇಲ್ಲ, ಬಾಲವೂ ಇಲ್ಲ. ಅಂದರೆ ಅದನ್ನು ಕುಡಿಯುವವನಿಗೆ ನಾಲಿಗೆಯೇ ಇಲ್ಲ ಎಂದು ತೀರ್ಮಾನವಾಗಿದೆ.

ಯಾರು ಮಾಡಿದರು ಈ ತೀರ್ಮಾನ?

ಅವರ ಶಾಸ್ತ್ರವನ್ನೇ ನೋಡಿ, ಗೆಳೆಯರೇ. ತುಂಬಾ ಮಡಿ. ಹೂವಿನ ಮೊಗ್ಗಿನಂಥ ಗ್ಲಾಸೇ ಆಗಬೇಕು. ಅಂದು ಈರುಳ್ಳಿ ಬೆಳ್ಳುಳ್ಳಿ ತಿಂದಿರಬಾರದು. ಮೊದಲು ಮೂಸಬೇಕು, ಆಮೇಲೆ ಒಂದೇ ಗುಟುಕು ಬಾಯೊಳಗೆ ಹೊರಳಿಸಬೇಕು, ಆಮೇಲೆ ನಾಲ್ಕು ಹನಿ ನೀರು ಬಿಟ್ಟು ಮತ್ತೆ ಮೂಸಬೇಕು. ಇದು ಆಚಮನವಲ್ಲದೆ ಮತ್ತೇನು? ಆದರೆ ನೀರಿನ ಹನಿಯ ಮಾತು ಸುಳ್ಳಲ್ಲ. ನೀರು ಬಿದ್ದರೆ ಉರಿ ಇಳಿದು ವಾಸನೆ ಬಿಚ್ಚಿಕೊಳ್ಳುತ್ತದೆ. ಕೆಲಸಕ್ಕೆ ಬರುವುದನ್ನು ಇಟ್ಟುಕೊಂಡು ಮಡಿಯನ್ನು ಮೋರಿಗೆ ಎಸೆದು ನಾವೂ ಒಂದು ಸಂಜೆ ಕೂತೆವು. ನಮ್ಮಲ್ಲಿ ಮೇಷ್ಟ್ರಿದ್ದರು, ಲಾ ಓದುವವನಿದ್ದ, ಪದ್ಯ ಬರೆಯುವವರಿದ್ದರು. ಆಟೋ ಓಡಿಸುವ ಗೆಳೆಯ ಕುಡಿಯುವವನಲ್ಲ. ಅವನೇ ನಮಗೆ ಬೆನ್ನು ಹಾಕಿ ನಾಲ್ಕು ಗ್ಲಾಸಿಗೆ ಸುರಿದು, ತಳಕ್ಕೆ ನಂಬರು ಅಂಟಿಸಿದ. ಯಾವುದರಲ್ಲಿ ಯಾವುದು ಎಂಬುದು ಅವನಿಗೊಬ್ಬನಿಗೇ ಗೊತ್ತು.

ಒಂದು, ಅದೇ ನೈಂಟಿ ಪೊಟ್ಟಣ. ಎರಡು, ಸ್ಕಾಚ್ ಮಾಲ್ಟ್ ಬೆರೆಸಿದೆ ಎಂದು ಹೇಳಿಕೊಳ್ಳುವ ನಡುಬೆಲೆಯ ದೇಶಿ ವಿಸ್ಕಿ. ಮೂರು, ಸ್ಕಾಟ್ಲೆಂಡಿನಿಂದ ಪೀಪಾಯಿಗಟ್ಟಲೆ ತಂದು ಇಲ್ಲಿ ಬಾಟಲಿಗೆ ತುಂಬಿದ ಅಗ್ಗದ ಸ್ಕಾಚ್. ನಾಲ್ಕು, ಬೆಂಗಳೂರಿನ ಅಮೃತ್ ಕಂಪನಿಯ ಫ್ಯೂಷನ್ ಎಂಬ ಸಿಂಗಲ್ ಮಾಲ್ಟ್. ಈ ನಾಲ್ಕನೆಯದಕ್ಕೆ ಚಂದಾ ಎತ್ತಬೇಕಾಯಿತು. ಗಣೇಶನ ಚಂದಾಕ್ಕೆ ಕೈ ಬಿಚ್ಚದವರೂ ಇದಕ್ಕೆ ಕೊಟ್ಟರು.

ಪೊಟ್ಟಣವನ್ನು ಕಣ್ಣು ಮುಚ್ಚಿದರೂ ಎಲ್ಲರೂ ಗುರುತು ಹಿಡಿದೆವು. ಮೂಗಿಗೆ ಪೇಂಟಿನವರ ತಿನ್ನರ್, ನಾಲಿಗೆಗೆ ಸುಟ್ಟ ಸಕ್ಕರೆಯ ಸಿಹಿ, ಗಂಟಲಿಗೆ ಬೆಂಕಿ. ಆಮೇಲೆ ಏನೂ ಇಲ್ಲ. ಬಾಲವೆಂಬುದು ಮೊಂಡು ಬಾಲ. ಲಾ ಓದುವವನು ಹೇಳಿದ: 'ಇದ್ನ ಯಾರೂ ರುಚಿಗೆ ಕುಡಿಯಲ್ಲ ಕಣ್ರೋ, ಮೂಗು ಮುಚ್ಕಂಡು ಎತ್ತಿ ಹುಯ್ಕತಾರೆ.' ಸರಿ. ಆದರೆ ಮೂಗು ಮುಚ್ಚಿಕೊಳ್ಳುವ ಹಾಗೆ ಮಾಡಿದವರು ಯಾರೆಂದು ಕೇಳಬೇಡವೆ?

ಸ್ಕಾಟ್ಲೆಂಡಿನ ಕಾನೂನು ಹೀಗಿದೆ. ಧಾನ್ಯದಿಂದಲೇ ಮಾಡಬೇಕು, ಓಕ್ ಮರದ ಪೀಪಾಯಿಯಲ್ಲಿ ಕಡಿಮೆಯೆಂದರೆ 3 ವರ್ಷ ಕೂರಿಸಬೇಕು, ಆಗಲೇ ಅದು ವಿಸ್ಕಿ. ಯುರೋಪಿನ ಉಳಿದ ದೇಶಗಳೂ ಧಾನ್ಯ, ಮರ, 3 ವರ್ಷ ಎನ್ನುತ್ತವೆ. ನಮ್ಮಲ್ಲಿ? ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಗಸಿ, ಕಾಕಂಬಿ. ಅದನ್ನು ಹುಳಿಸಿ, ಬಣ್ಣ ವಾಸನೆ ರುಚಿ ಎಲ್ಲ ಹೋಗುವ ತನಕ ಬಟ್ಟಿ ಇಳಿಸಿದರೆ ಸ್ಪಿರಿಟ್ಟು. ಕೆಲವರು ನುಚ್ಚಕ್ಕಿಯಿಂದಲೂ ಇಳಿಸುತ್ತಾರೆ. ಅದಕ್ಕೆ ನೀರು ಬೆರೆಸು, ಸುಟ್ಟ ಸಕ್ಕರೆಯ ಬಣ್ಣ ಹಾಕು, ಎಸೆನ್ಸ್ ಬಿಡು. ಮೂರು ವರ್ಷವಿರಲಿ, ಮೂರು ತಿಂಗಳೂ ಕಾಯಬೇಕಿಲ್ಲ. ಹೆಸರು ಮಾತ್ರ ವಿಸ್ಕಿ. ಲಂಡನ್ನಿನ ಅಂಗಡಿಯಲ್ಲಿ ಈ ಹೆಸರಿನಲ್ಲಿ ಮಾರಲಾಗದ್ದನ್ನು ಮಳವಳ್ಳಿಯಲ್ಲಿ ರಾಜಾರೋಷವಾಗಿ ಮಾರಬಹುದು. ಬಿಸಿಲಲ್ಲಿ ಕಬ್ಬು ಕಡಿದವನಿಗೆ ಸಕ್ಕರೆ ಹೋಗಿ ಉಳಿದ ಗಸಿಯನ್ನು ಅವನ ಕೂಲಿ ದುಡ್ಡಿಗೇ ತಿರುಗಿ ಕೊಡುವ ಲೆಕ್ಕಾಚಾರ ಇದು.

ದುಡ್ಡಿನ ಲೆಕ್ಕಕ್ಕೆ ಬರೋಣ. ಪೊಟ್ಟಣದ ಮೇಲೂ ನಡುಬೆಲೆಯ ಬಾಟಲಿಯ ಮೇಲೂ ಇಲ್ಲಿ ತುಂಬಿದ ಸ್ಕಾಚಿನ ಮೇಲೂ ಮದ್ಯಸಾರದ ಪ್ರಮಾಣ ಒಂದೇ: 42.8. ನೈಂಟಿಯೊಳಗೆ 38.5 ಎಂಎಲ್ ಶುದ್ಧ ಮದ್ಯಸಾರ. ಎಂತೆಂಥದೋ ಹೆಸರಿನ ಬಾಟಲಿಯಿಂದ 90 ಎಂಎಲ್ ಅಳೆದರೂ ಅಷ್ಟೇ. ಅಗ್ಗದ್ದರಲ್ಲಿ ನಶೆ ಒಂದು ಹನಿಯೂ ಕಡಿಮೆಯಿಲ್ಲ. ಪಿತ್ತಕೋಶ ಸುಡುವುದರಲ್ಲೂ ಕಡಿಮೆಯಿಲ್ಲ. ಕಡಿಮೆ ಮಾಡಿರುವುದು ಧಾನ್ಯವನ್ನು, ಮರವನ್ನು, ಕಾಲವನ್ನು. ಉಳ್ಳವನು ಬಾಟಲಿಯಲ್ಲಿ ಕೊಳ್ಳುವುದು ಪೀಪಾಯಿಯೊಳಗೆ ಸುಮ್ಮನೆ ಕೂತ ವರ್ಷಗಳನ್ನು. ಇಲ್ಲದವನಿಗೆ ಕಾಲವೇ ಇಲ್ಲದ ಸರಕು. ಬಟವಾಡೆ ಸಂಜೆ ಆರಕ್ಕೆ, ಅಂಗಡಿ ಆರೂ ಕಾಲಿಗೆ.

ಎರಡು ಮತ್ತು ಮೂರನೇ ಗ್ಲಾಸಿನ ತಕರಾರು ಬೇಗ ಮುಗಿಯಿತು. ನಮ್ಮಲ್ಲಿ ಇಬ್ಬರು ಎರಡನೆಯದನ್ನೇ ಸ್ಕಾಚ್ ಅಂದರು. ಮೂರನೆಯದರಲ್ಲಿ ಹುರಿದ ಧಾನ್ಯದ ಪರಿಮಳ ಸ್ವಲ್ಪ ಜಾಸ್ತಿ, ಅಂಚಿನಲ್ಲಿ ತುಸು ಹೊಗೆ, ಅಷ್ಟೇ. ಬೆಲೆಯ ಅಂತರಕ್ಕೂ ರುಚಿಯ ಅಂತರಕ್ಕೂ ತಾಳವಿಲ್ಲ. ಆ ಅಂತರದ ಬಹುಪಾಲು ಸುಂಕದ್ದು, ಇನ್ನೊಂದು ಪಾಲು ಜಂಬದ್ದು. ಕೊಟ್ಟ ದುಡ್ಡಿಗೆ ರುಚಿ ಎಂದರೆ ನಮ್ಮ ಮತ ಎರಡನೆಯದಕ್ಕೆ. ಪರಂಗಿ ಚೀಟಿಗೆ ದುಡ್ಡು ಸುರಿಯುವ ನೌಕರ ಮಿತ್ರರು ಒಮ್ಮೆ ಕಣ್ಣು ಕಟ್ಟಿಕೊಂಡು ಕುಡಿದು ನೋಡಲಿ.

ನಾಲ್ಕನೆಯ ಗ್ಲಾಸಿನ ಮುಂದೆ ಎಲ್ಲರೂ ಸುಮ್ಮನಾದೆವು. 50ರ ಪ್ರಮಾಣ, ಆದರೂ ಪೊಟ್ಟಣದ ಉರಿ ಇಲ್ಲ. ನೀರು ಬಿಟ್ಟ ಮೇಲೆ ಜೇನು, ಹುರಿಹಿಟ್ಟು, ಕಿತ್ತಳೆ ಸಿಪ್ಪೆ. ಆಮೇಲೆ ಮೆಲ್ಲಗೆ ಹೊಗೆ. ಪಂಡಿತರು ಈ ಹೊಗೆಗೆ ಏನೇನೋ ಹೆಸರಿಡುತ್ತಾರೆ. ನಮ್ಮ ಮೇಷ್ಟ್ರು ಮಾತ್ರ ಗ್ಲಾಸು ಮೂಗಿನಿಂದ ಇಳಿಸಿ, 'ಕೊರಬಾಡು ಕಣ್ರಯ್ಯಾ' ಅಂದರು. ಹೌದು! ಒಲೆಯ ಮೇಲೆ ದಾರಕ್ಕೆ ಪೋಣಿಸಿ ನೇತುಹಾಕಿದ ಬಾಡಿಗೆ ದಿನವೆಲ್ಲ ಹೊಗೆ ಹಿಡಿದ ವಾಸನೆ. ಸ್ಕಾಟ್ಲೆಂಡಿನ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಹುಲ್ಲು ಬೇರುಗಳನ್ನು ಹೆಂಟೆ ಹೆಂಟೆಯಾಗಿ ಕೊಯ್ದು ಒಣಗಿಸುತ್ತಾರೆ, ಪೀಟ್ ಅಂತ. ನಮ್ಮ ಬೆರಣಿಯ ಹಾಗೆ ಅಲ್ಲಿನ ಬಡವರ ಒಲೆಯ ಉರುವಲು ಅದು. ಅದರ ಹೊಗೆಯಲ್ಲಿ ಒಣಗಿಸಿದ ಬಾರ್ಲಿಯನ್ನೂ ಈ ನೆಲದ ಬಾರ್ಲಿಯನ್ನೂ ಸೇರಿಸಿದ್ದೇ ಈ ಫ್ಯೂಷನ್. ಹಾಸ್ಟೆಲಿನಲ್ಲಿ ನಮ್ಮ ಟ್ರಂಕು ತೆಗೆದಾಗ ಯಾವ ವಾಸನೆಗೆ ಪಕ್ಕದ ಮಂಚದವರು ಮೂಗು ಮುಚ್ಚಿ ಆಚೆ ಹೋಗುತ್ತಿದ್ದರೋ, ಅದೇ ವಾಸನೆಗೆ ಇವತ್ತು ಅವರ ಕ್ಲಬ್ಬುಗಳಲ್ಲಿ ಸಾವಿರಗಟ್ಟಲೆ ಎಣಿಸುತ್ತಾರೆ, ಕಣ್ಣು ಮುಚ್ಚಿ ಆಹಾ ಎನ್ನುತ್ತಾರೆ. ನಮಗೆ ನಾಲಿಗೆ ಇಲ್ಲವೆಂದವರು ನಮ್ಮ ಅವ್ವಂದಿರ ಅಡುಗೆಮನೆಯನ್ನು ಮೂಸುತ್ತಾ ಕೂತಿದ್ದಾರೆ.

ಈ ಕಂಪನಿ ಶುರುವಾದದ್ದು 1948ರಲ್ಲಿ. ಅದರ ಮಾಲ್ಟ್ ಮೊದಲು ಮಾರಾಟಕ್ಕೆ ಹೋದದ್ದು 2004ರಲ್ಲಿ, ಗ್ಲಾಸ್ಗೋ ಊರಿಗೆ. ನಮ್ಮವರಿಗೆ ಸಿಕ್ಕಿದ್ದು ಆಮೇಲೆ. ಜಿಮ್ ಮರ್ರೆ ಎಂಬ ಇಂಗ್ಲಿಷಿನವನು ತನ್ನ 2010ರ ವಿಸ್ಕಿ ಬೈಬಲ್ಲಿನಲ್ಲಿ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿಗೆ ಮೂರನೆಯದೆಂದ ಮೇಲೆ ಇಲ್ಲಿನ ದೊಡ್ಡವರ ಬಾಯಿಗೂ ಅದು ರುಚಿಸತೊಡಗಿತು. ಬೆಂಗಳೂರಿನ ಶಾಖಕ್ಕೆ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಆರಿಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಎರಡರ ಆಸುಪಾಸು. ಹೀಗೆ ಆರಿಹೋದದ್ದಕ್ಕೆ ಅವರು 'ದೇವದೂತರ ಪಾಲು' ಎಂದು ಹೆಸರಿಟ್ಟಿದ್ದಾರೆ. ಪಾಲು ಎತ್ತಿಡುವ ಚಾಳಿ ಅಲ್ಲೂ ತಪ್ಪಿಲ್ಲ. ಆದರೆ ಇದೇ ಶಾಖಕ್ಕೆ ಮರದ ಸಾರ ಬೇಗ ಇಳಿಯುತ್ತದೆ. ಅಲ್ಲಿ ಹತ್ತಾರು ವರ್ಷ ಬೇಕಾದದ್ದು ಇಲ್ಲಿ ನಾಲ್ಕೈದು ವರ್ಷಕ್ಕೆ ಹದ ಬರುತ್ತದೆ. ಈ ನೆಲಕ್ಕೆ ಒಳ್ಳೆಯದನ್ನು ಮಾಡಲು ಬರುವುದಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ. ಬರುತ್ತದೆ. ನಮಗಾಗಿ ಮಾಡುವುದಿಲ್ಲ, ಅಷ್ಟೆ.

ಇನ್ನು ಸರ್ಕಾರ. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧವಾಯಿತು. ಹೆಂಗಸರು ಕೈ ಎತ್ತಿ ಮುಗಿದರು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. ಜಾತಿ ಬದಲಾಯಿತು, ಗುಣ ಬದಲಾಗಲಿಲ್ಲ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಎನ್ನುತ್ತದೆ. 2025-26ರ ರಾಜ್ಯ ಬಜೆಟ್ಟು ಅಬಕಾರಿಗೆ 40,000 ಕೋಟಿ ರೂಪಾಯಿಯ ಗುರಿ ಇಟ್ಟಿತು. ಅದೂ ಎಲ್ಲಿಂದ? 2023ರ ಜುಲೈಯಲ್ಲಿ ಎಲ್ಲ 18 ಸ್ಲ್ಯಾಬಿಗೂ ನೂರಕ್ಕೆ 20 ಏರಿಸಿದರು. 2024ರ ಆಗಸ್ಟಿನಲ್ಲಿ ಸ್ಲ್ಯಾಬುಗಳನ್ನು 16ಕ್ಕೆ ಇಳಿಸಿ, ಮೇಲಿನ ದರ್ಜೆಯ ಮದ್ಯದ ಬೆಲೆ ಇಳಿಸಿದರು. ಪಕ್ಕದ ರಾಜ್ಯಕ್ಕೆ ಹೋಗಿ ಕೊಳ್ಳುತ್ತಾರಂತೆ, ಪಾಪ. 2025ರ ಮೇ ತಿಂಗಳಲ್ಲಿ ಕೆಳಗಿನ ಸ್ಲ್ಯಾಬುಗಳಿಗೆ ಮತ್ತೆ ಏರಿಕೆ. ಎರಡು ತಿಂಗಳಿಗೆ ಬ್ರಿಟನ್ನಿನ ಜೊತೆ ದಿಲ್ಲಿಯವರ ಒಪ್ಪಂದ: ಸ್ಕಾಚಿನ ಸುಂಕ 150ರಿಂದ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ. ಕೊಟ್ಟ ದುಡ್ಡಿಗೆ ತಕ್ಕ ಮಾಲು ಎಂಬ ಸೌಲಭ್ಯ ಯಾರಿಗೆ ದಕ್ಕುತ್ತಿದೆ, ನೋಡಿಕೊಳ್ಳಿ. ಪಕ್ಕದ ರಾಜ್ಯಕ್ಕೆ ಹೋಗಲು ಬಸ್ ಚಾರ್ಜಿಲ್ಲದವನು ಇಲ್ಲೇ ಕೊಳ್ಳುತ್ತಾನೆಂದು ಅವರಿಗೆ ಗೊತ್ತು.

'ಕುಡ್ದು ಕುಡ್ದೇ ಹಾಳಾದ್ರು ಈ ಜನ' ಎನ್ನುವವರು ನಮ್ಮ ಮಾತಿಗೆ ಬರುತ್ತಾರೆ. ಹಾಳಾಗಿದ್ದೇವೆ, ಇಲ್ಲವೆನ್ನುವುದಿಲ್ಲ. ಈ ಲೇಖನದ ಕರಡು ಓದಿದ ನಮ್ಮ ಗೆಳತಿಯೊಬ್ಬಳು ಉಗಿದಳು: 'ಮೂಗು ಬಾಲ ಎಲ್ಲ ಚೆನ್ನಾಗಿ ಬರ್ದಿದೀರ. ಬಟವಾಡೆ ದಿನ ನಮ್ಮವ್ವ ಅಂಗಡಿ ಮುಂದೆ ಚೀಲ ಹಿಡ್ಕಂಡು ನಿಂತಿರ್ತಿದ್ಳಲ್ಲ, ಅದ್ಕೆಷ್ಟು ಅಂಕ ಕೊಡ್ತೀರ?' ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಅವಳ ಮಾತು ಹಾಗೇ ಇರಲಿ, ಅದನ್ನು ಇಳಿಸುವ ತಕ್ಕಡಿ ನಮ್ಮ ಹತ್ತಿರ ಇಲ್ಲ. ಆದರೆ ಕ್ಲಬ್ಬಿನಲ್ಲಿ ಕುಡಿದರೆ ರಸಿಕತೆ, ಕೇರಿಯಲ್ಲಿ ಕುಡಿದರೆ ಚಟ ಎನ್ನುವವರಿಗೆ ಅವಳ ಹೆಸರು ಹೇಳುವ ಹಕ್ಕಿಲ್ಲ. ಆ ಅಂಗಡಿಗೆ ಮಾಲು ಕಳಿಸುವ ಸಗಟು ವ್ಯಾಪಾರಿ ಸರ್ಕಾರದ್ದೇ ಪಾನೀಯ ನಿಗಮ, 2003ರಿಂದ. ಅವಳ ಅವ್ವನ ಚೀಲಕ್ಕೆ ಅದೂ ಲೆಕ್ಕ ಕೊಡಬೇಕು.

ನಮ್ಮ ಬೇಡಿಕೆ ಸಣ್ಣದು, ಇವತ್ತಿನದು. ಕಾಕಂಬಿ ಸ್ಪಿರಿಟ್ಟಿಗೆ ವಿಸ್ಕಿ ಎಂಬ ಹೆಸರು ಕಿತ್ತುಹಾಕಿ. ಯಾವುದರಿಂದ ಇಳಿಸಿದ್ದು, ಎಷ್ಟು ತಿಂಗಳು ಮರದಲ್ಲಿ ಕೂತದ್ದು, ಬಣ್ಣ ಎಲ್ಲಿಯದು, ವಾಸನೆ ಯಾವ ಡಬ್ಬಿಯದು, ಬೆಲೆಯಲ್ಲಿ ಸರ್ಕಾರದ ಪಾಲೆಷ್ಟು, ಎಲ್ಲವನ್ನೂ ಕನ್ನಡದಲ್ಲಿ, ನೈಂಟಿ ಪೊಟ್ಟಣದ ಮುಖದ ಮೇಲೆ, ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ಬರೆಯಿರಿ. ಹಳ್ಳಿಯ ಮೇಷ್ಟ್ರುಗಳೇ, ಅಲ್ಲಿಯ ತನಕ ಕಾಯಬೇಕಿಲ್ಲ. ಅಂಗಡಿ ಮುಂದೆ ಬಿದ್ದಿರುವ ಖಾಲಿ ಪೊಟ್ಟಣವೊಂದನ್ನು ಎತ್ತಿಕೊಂಡು ಹೋಗಿ, ಸಂಜೆ ಜಗಲಿಯ ಮೇಲೆ ಕೂತವರಿಗೆ ಅದರಲ್ಲಿ ಏನಿದೆ ಎಂದು ಓದಿ ಹೇಳಿ. ಇಂಗ್ಲಿಷಿನ ಸಣ್ಣ ಅಕ್ಷರ, ಕನ್ನಡಕ ಬೇಕಾದೀತು.