ತಾಂಬೂಲಕ್ಕೆ ಮೊದಲು ಕಣ್ಣಿನ ಮಾತು

ನಮ್ಮ ರಾಯದುರ್ಗದ ಸೀಮೆಯಲ್ಲಿ ಮದುವೆ ಮಾತು ಅಂದರೆ ಹೊಲ ಎಷ್ಟು ಎಕರೆ, ಬೋರಿನಲ್ಲಿ ನೀರೆಷ್ಟು, ಬಂಗಾರ ಎಷ್ಟು ತೊಲ ಎಂದು ಬಿಚ್ಚಿ ಕೇಳುತ್ತೇವೆ. ದೀಪ ಹಚ್ಚೋ ಹೊತ್ತಿಗೆ ಮನೆಯಲ್ಲಿ ಯಾರಿಗಾದರೂ ಕಣ್ಣು ಕಾಣದಂತಾಗುತ್ತದಾ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳಿದರೆ ಸಂಬಂಧ ಮುರಿದೀತು ಅನ್ನೋ ಅಂಜಿಕೆ.

ಕನ್ನಡದ ಇರುಳುಗುರುಡು, ತೆಲುಗಿನ ರೇಚೀಕಟಿ. ಹೆಸರು ಒಂದೇ ಆದರೂ ರೋಗ ಒಂದೇ ಅಲ್ಲ. ಎ ವಿಟಮಿನ್ ಕೊರತೆಯಿಂದ ಬಂದದ್ದು ಔಷಧಿ, ನುಗ್ಗೆಸೊಪ್ಪಿಗೆ ಬಗ್ಗುತ್ತದೆ. ವಂಶದಲ್ಲಿ ಬಂದದ್ದು ಬಗ್ಗುವುದಿಲ್ಲ. ಡಾಕ್ಟರರು ಅದನ್ನು ರೆಟಿನೈಟಿಸ್ ಪಿಗ್ಮೆಂಟೋಸಾ ಅಂತಾರೆ. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗಿದೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಅಕ್ಕಪಕ್ಕದ ನೋಟ ಕುಗ್ಗುತ್ತಾ ಕೊಳವೆಯಲ್ಲಿ ಇಣುಕಿದ ಹಾಗಾಗುತ್ತದೆ.

ಎಷ್ಟೋ ಮನೆಗಳಲ್ಲಿ ತಂದೆತಾಯಿಗೆ ಕಣ್ಣು ಚೆನ್ನಾಗೇ ಇರುತ್ತದೆ. ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅಕ್ಕನ ಮಗಳಿಗೂ ಸೋದರಮಾವನಿಗೂ ವಂಶದ ಗುಣಗಳಲ್ಲಿ ಕಾಲುಭಾಗ ಒಂದೇ. ಹಾಗಾಗಿ ಅಡಗಿದ್ದು ಸೇರಿಕೊಳ್ಳುವುದು ಸುಲಭ. ಮೇನರಿಕವನ್ನು ನಾನು ಹೀಗಳೆಯುತ್ತಿಲ್ಲ, ನಾನೂ ಸೋದರತ್ತೆ ಮಗಳನ್ನೇ ಮಾಡಿಕೊಂಡವನು. ಹೊಲ ಹಂಚಿಹೋಗಬಾರದು ಅಂತ ಹಿರಿಯರ ಲೆಕ್ಕ.

ಮುಚ್ಚಿಡುವ ಚಾಳಿ ಕಳ್ಳಭಟ್ಟಿಯಲ್ಲಿ ಇನ್ನೂ ಬೇಗ ಕಣ್ಣು ಕಳೆಯುತ್ತದೆ. ಅದರಲ್ಲಿ ಮೆಥನಾಲ್ ಬೆರೆತಿದ್ದರೆ ಹೊಟ್ಟೆಗೆ ಹೋದ ಮೇಲೆ ಫಾರ್ಮಿಕ್ ಆಮ್ಲವಾಗಿ (ಇರುವೆಯ ವಿಷದಲ್ಲಿರುವುದೂ ಇದೇ) ಕಣ್ಣಿನ ನರವನ್ನೇ ಹಾಳುಮಾಡುತ್ತದೆ. ಅರ್ಧ ದಿನ, ಒಂದು ದಿನ ಬರೀ ಅಮಲು ಅನ್ನಿಸಿ, ಆಮೇಲೆ ಎದುರಿಗೆಲ್ಲಾ ಬಿಳೀ ಮಂಜು. 2008ರಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ, 2024ರಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಬೇಗ ಹೋದರೆ ಆಸ್ಪತ್ರೆಯಲ್ಲಿ ಆ ಆಮ್ಲ ಆಗದಂತೆ ತಡೆಯುವ ಮದ್ದಿದೆ, ಡಯಾಲಿಸಿಸ್ ಇದೆ. ನಾವು ಪೋಲೀಸಿಗೆ ಅಂಜಿ ಮಜ್ಜಿಗೆ ಕುಡಿಸಿ ಮಲಗಿಸುತ್ತೇವೆ.

ಈಗ ನನ್ನ ಮಗಳಿಗೆ ಅವಳ ಸೋದರಮಾವನ ಮಾತು ಬಂದಿದೆ. ಆ ಮನೆಯ ದೊಡ್ಡಪ್ಪನವರು ಸಂಜೆಯಾದರೆ ಗೋಡೆ ಹಿಡಿದೇ ನಡೆಯುತ್ತಾರೆ. ಹುಡುಗ ಹುಡುಗಿಯ ಕಣ್ಣು ತೋರಿಸಿದರಷ್ಟೇ ಸಾಲದು, ಅಡಗಿದ್ದು ತಿಳಿಯಲು ಮೊದಲು ದೊಡ್ಡಪ್ಪನವರ ರಕ್ತ ಪರೀಕ್ಷೆ ಆಗಬೇಕು. ಹೈದರಾಬಾದಿಗೆ ಕರೆದುಕೊಂಡು ಹೋಗೋಣ, ಖರ್ಚು ನನ್ನದು, ಅಲ್ಲಿಯವರೆಗೆ ತಾಂಬೂಲ ಬೇಡ ಎಂದೆ. ಭಾವಮೈದ ಮಾತು ಬಿಟ್ಟಿದ್ದಾನೆ. ದೊಡ್ಡಪ್ಪನವರು ಮಾತ್ರ, ಯಾವತ್ತು ಹೊರಡೋದು ಅಂತ ಹೇಳಿಕಳಿಸಿದ್ದಾರೆ.