ಬಿಷಪ್ ಇಲ್ಲದ ಚರ್ಚಿನಲ್ಲಿ ಯಜಮಾನಿಕೆ ಯಾರದು?

2004ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆಗೆ ಆಲಿಸನ್ ಎಲಿಯಟ್ ಮಾಡರೇಟರ್, ಅಂದರೆ ಅಧ್ಯಕ್ಷೆ, ಆದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ ಅವರು. ಸಾಲದ್ದಕ್ಕೆ ಸಭಾಪಾಲಕರೂ ಅಲ್ಲ, ಸಭೆಯ ಹಿರಿಯರಲ್ಲಿ ಒಬ್ಬರು. ಅಂಥವರೊಬ್ಬರು ಅದಕ್ಕೂ ಮುಂಚೆ ಆ ಪೀಠ ಏರಿದ್ದು 1567ರಲ್ಲಿ! ಬಿಷಪರಿಲ್ಲದೆ, ಹಿರಿಯರಿಗೂ ಪಾಲಕರಿಗೂ ಸಮಾನ ಮತ ಎನ್ನುವ ಈ ಪ್ರೆಸ್ಬಿಟೇರಿಯನ್ನರಿಗೆ ಈ ಲೆಕ್ಕ ನುಂಗಲಾರದ ತುತ್ತು.

ಆದರೂ ಅವರ ವ್ಯವಸ್ಥೆ ಗಟ್ಟಿ. ಊರಿನ ಚರ್ಚನ್ನು ಪಾಲಕರು, ಹಿರಿಯರು ಕೂಡಿದ ಕರ್ಕ್ ಸೆಷನ್ ನಡೆಸುತ್ತದೆ. ಸೀಮೆಯ ಚರ್ಚುಗಳಿಗೆಲ್ಲ ಸೇರಿ ಪ್ರೆಸ್ಬಿಟರಿ. ಎಲ್ಲಕ್ಕೂ ಮೇಲೆ, ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಸೇರುವ ಮಹಾಸಭೆ. ಮಾಡರೇಟರ್ ಅಧಿಕಾರ ಒಂದೇ ವರ್ಷ. ರಾಜನ ಪ್ರತಿನಿಧಿ ಬಂದರೂ ಗ್ಯಾಲರಿಯಲ್ಲಿ ಕೂರಬೇಕು; ಚರ್ಚೆಯಲ್ಲಿ ಪಾಲಿಲ್ಲ, ಮತವೂ ಇಲ್ಲ.

ಮಹಾಸಭೆಗೂ ಕಡಿವಾಣವಿದೆ. 1697ರ ಬ್ಯಾರಿಯರ್ ಆ್ಯಕ್ಟ್ ಪ್ರಕಾರ ದೊಡ್ಡ ಬದಲಾವಣೆಗಳು ಪ್ರೆಸ್ಬಿಟರಿಗಳಿಗೆ ಹೋಗಿ, ಬಹುಮತ ಪಡೆದು, ಮತ್ತೆ ಮಹಾಸಭೆಗೆ ಬರಬೇಕು. ಸಲಿಂಗ ಜೋಡಿಗಳ ಮದುವೆ ನಡೆಸಲು ಇಷ್ಟವಿರುವ ಪಾಲಕರಿಗೆ ಅನುಮತಿ ಕೊಡುವ ಪ್ರಸ್ತಾಪ 2021ರಲ್ಲಿ ಹೀಗೇ ಊರೂರು ಸುತ್ತಿತು. 29 ಪ್ರೆಸ್ಬಿಟರಿಗಳು ಪರ, 12 ವಿರುದ್ಧ. ಮರುವರ್ಷ ಮಹಾಸಭೆ ಒಪ್ಪಿತು. ನಿಧಾನವೆಂದು ಗೊಣಗಿದವರಿದ್ದಾರು, ಆದರೆ ಸೋತವರಿಗೆ, ತಮ್ಮನ್ನು ಕೇಳಲೇ ಇಲ್ಲ ಎನ್ನಲು ಆಸ್ಪದ ಉಳಿಯಲಿಲ್ಲ.

ಕೇಳದೆ ಹೋದರೆ ಏನಾಗುತ್ತದೆ ಎಂಬುದೂ ಸ್ಕಾಟರಿಗೆ ಗೊತ್ತು. ಪಾಲಕರನ್ನು ನೇಮಿಸುವ ಹಕ್ಕು ಜಮೀನ್ದಾರರ ಕೈಲಿದ್ದ ಕಾಲದಲ್ಲಿ, 1834ರಲ್ಲಿ, ಆಕ್ಟರಾರ್ಡರ್ ಊರಿಗೆ ಕಳುಹಿಸಿದ ಅಭ್ಯರ್ಥಿಯ ಪರವಾಗಿ ಸಹಿ ಹಾಕಿದವರು ಇಬ್ಬರೇ. ಜನ ಬೇಡವೆಂದರು, ಕೋರ್ಟು ಜಮೀನ್ದಾರನ ಪರ ನಿಂತಿತು. ಈ ಜಗಳ ಬೆಳೆದು 1843ರ ಮೇ 18ರಂದು ಪಾಲಕ ಥಾಮಸ್ ಚಾಮರ್ಸ್ ಮುಂತಾದವರು ಮಹಾಸಭೆಯಿಂದ ಎದ್ದು ನಡೆದರು. ಸುಮಾರು ಮೂರನೇ ಒಂದು ಭಾಗ ಪಾಲಕರು ಮನೆ, ಸಂಬಳ ಬಿಟ್ಟು ಫ್ರೀ ಚರ್ಚ್ ಕಟ್ಟಿದರು. ಜಮೀನ್ದಾರರ ಆ ಹಕ್ಕು ರದ್ದಾದದ್ದು 1874ರಲ್ಲಿ.

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೂ ಪ್ರೆಸ್ಬಿಟೇರಿಯನ್ ಪಾಲಿದೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದವರೊಡನೆ ಅವರೂ ಕೂಡಿದರು. ಬಿಷಪರು ಉಳಿದರು, ಮುಖ್ಯಸ್ಥರಿಗೆ ಮಾಡರೇಟರ್ ಎಂಬ ಹೆಸರು ಬಂತು. 2022ರಲ್ಲಿ ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿಗೆ ಡಯಾಸಿಸ್‌ಗಳ (ಬಿಷಪರ ಪ್ರಾಂತ್ಯಗಳ) ಒಪ್ಪಿಗೆ ಸರಿಯಾಗಿ ಸಿಕ್ಕಿತೇ ಎಂಬ ತಗಾದೆ ಕೋರ್ಟು ಹತ್ತಿತು. ಅದನ್ನು ಬರೀ ಕುರ್ಚಿ ಜಗಳವೆಂದು ತಳ್ಳಿಹಾಕುವಂತಿಲ್ಲ. ಮೇಲಿನವರು ಕೆಳಗಿನವರನ್ನು ಕೇಳಿದರೇ ಎಂಬುದೇ ಅಲ್ಲಿನ ಪ್ರಶ್ನೆ, ಅದನ್ನು ಕೇಳುವ ಹಕ್ಕು ಸದಸ್ಯರದು.